ಪೈಪ್ ಬೇಡ, ಕ್ಯಾಮೆರಾ ಮಾತ್ರೆ ನುಂಗಿದರೆ ಆಗಲ್ವಾ?

ತೆಂಗಿನಮರ
ಎಲ್ಲರಿಗೂ ನಮಸ್ಕಾರ. ನನಗೆ 44 ವರ್ಷ, ತಿಪಟೂರು ಕಡೆಯವನು. ನಾಲ್ಕು ತಿಂಗಳಿಂದ ಹೊಟ್ಟೆ ಉರಿ. ರಾತ್ರಿ ಎರಡು ಗಂಟೆಗೆ ಎದ್ದು ಕೂರುವಷ್ಟು. ಏನಾದರೂ ತಿಂದರೆ ಸ್ವಲ್ಪ ಹೊತ್ತು ತಣ್ಣಗಾಗುತ್ತದೆ, ಆಮೇಲೆ ಮತ್ತೆ ಶುರು. ಡಾಕ್ಟರು ಎಂಡೋಸ್ಕೋಪಿ ಮಾಡಿಸಿ ಅಂದಿದ್ದಾರೆ, ಬಾಯಿಂದ ಕ್ಯಾಮೆರಾ ಪೈಪ್ ಇಳಿಸಿ ನೋಡುವುದು. ನನಗೋ ಹಲ್ಲುಜ್ಜುವಾಗ ಬ್ರಷ್ ಸ್ವಲ್ಪ ಹಿಂದೆ ಹೋದರೇ ವಾಕರಿಕೆ ಬರುತ್ತದೆ. ಎರಡು ಸಲ ಅಪಾಯಿಂಟ್‌ಮೆಂಟ್ ತಗೊಂಡು ಎರಡು ಸಲವೂ ತಪ್ಪಿಸಿಕೊಂಡೆ. ಒಂದು ಸಲ ತೋಟಕ್ಕೆ ನೀರು ಬಿಡಬೇಕು ಅಂದೆ, ಇನ್ನೊಂದು ಸಲ ಸುಮ್ನೆ ಹೋಗಲೇ ಇಲ್ಲ.

ಮೊನ್ನೆ ನನ್ನ ಭಾವಮೈದ ಒಂದು ವಿಡಿಯೋ ಕಳಿಸಿದ. ಮಾತ್ರೆಯೊಳಗೆ ಕ್ಯಾಮೆರಾ, ನೀರು ಕುಡಿದು ನುಂಗಿದರೆ ಮುಗೀತು, ಅದೇ ಫೋಟೋ ತೆಗೆಯುತ್ತಾ ಹೋಗುತ್ತದೆ. ನಮ್ಮ ಕಡೆಯೂ ಸಿಗುತ್ತದಂತೆ. ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ. ಯಾರಾದರೂ ಮಾಡಿಸಿದ್ದೀರಾ? ಪೈಪ್ ತಪ್ಪುತ್ತದಾ?

ಕಡಲೆಕಾಯಿ
ಒಂದು ಅನುಮಾನ. ಆ ಮಾತ್ರೆ ಹೊರಗೆ ಬಂದ ಮೇಲೆ ತೊಳೆದು ಮುಂದಿನವರಿಗೆ ಕೊಡ್ತಾರಾ? ಅದನ್ನು ಮೊದಲು ಕೇಳಿಕೊಳ್ಳಿ ಸಾರ್.

ಹಾಸನದ_ಮಗ
@ಕಡಲೆಕಾಯಿ ಇಲ್ಲ ಮಾರಾಯ, ಒಬ್ಬರಿಗೆ ಒಂದೇ. ಬಳಸಿ ಬಿಸಾಡುವಂಥದ್ದು.

@ತೆಂಗಿನಮರ ನಮ್ಮ ಅಮ್ಮನಿಗೆ ಮೂರು ವರ್ಷದ ಹಿಂದೆ ಮಾಡಿಸಿದ್ದೆವು. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಅಮ್ಮನಿಗೆ 63. ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ 6.8ಕ್ಕೆ ಇಳಿದಿತ್ತು. ರಕ್ತ ಹಾಕಿಸಿದೆವು, ಏರಿತು, ಎರಡು ತಿಂಗಳಲ್ಲಿ ಮತ್ತೆ ಇಳಿಯಿತು. ಮೇಲಿಂದ ಎಂಡೋಸ್ಕೋಪಿ ಆಯಿತು, ಕೆಳಗಿಂದ ಕೊಲೊನೋಸ್ಕೋಪಿ ಆಯಿತು. ಎರಡೂ ನಾರ್ಮಲ್. ಆಮೇಲೆ ಡಾಕ್ಟರು ಹೇಳಿದ್ದು: ಮೇಲಿನ ಪೈಪ್ ಜಠರ ದಾಟಿ ಸಣ್ಣ ಕರುಳಿನ ಬಾಗಿಲವರೆಗೆ ಹೋಗುತ್ತದೆ, ಕೆಳಗಿನ ಪೈಪ್ ದೊಡ್ಡ ಕರುಳು ಮುಗಿಯುವವರೆಗೆ ಬರುತ್ತದೆ, ನಡುವೆ ಆರು ಮೀಟರ್‌ನಷ್ಟು ಸಣ್ಣ ಕರುಳು ಹಾಗೇ ಉಳಿಯುತ್ತದೆ, ರಕ್ತ ಅಲ್ಲಿ ಸೋರುತ್ತಿರಬಹುದು. ಅದಕ್ಕೇ ಕ್ಯಾಪ್ಸೂಲ್.

ಒಂದು ವಾರ ಮೊದಲೇ ಕಬ್ಬಿಣದ ಮಾತ್ರೆ ನಿಲ್ಲಿಸಿದರು. ಅದು ಕರುಳಲ್ಲಿ ಕಪ್ಪಗೆ ಅಂಟಿಕೊಂಡು ಚಿತ್ರ ಹಾಳು ಮಾಡುತ್ತದಂತೆ. ಹಿಂದಿನ ದಿನ ಬರೀ ತಿಳಿ ಗಂಜಿನೀರು, ಎಳನೀರು. ಸಂಜೆ ಭೇದಿ ಪುಡಿ ಕಲಸಿದ ಎರಡು ಲೀಟರ್ ನೀರು. ಅಮ್ಮ ಇವತ್ತಿಗೂ ಬೈಯುವುದು ಆ ನೀರನ್ನೇ, ಕ್ಯಾಪ್ಸೂಲನ್ನಲ್ಲ.

ಬೆಳಿಗ್ಗೆ ಹೊಟ್ಟೆಗೆ ಒಂದು ಬೆಲ್ಟ್ ಕಟ್ಟಿದರು. ಪಕ್ಕಕ್ಕೆ ಒಂದು ರೆಕಾರ್ಡರ್, ಹಳೇ ಟ್ರಾನ್ಸಿಸ್ಟರ್ ರೇಡಿಯೋ ನೇತುಹಾಕಿಕೊಂಡ ಹಾಗೆ. ಸಿಸ್ಟರ್ ಡಬ್ಬಿ ಬಿಚ್ಚಿ ಕ್ಯಾಪ್ಸೂಲ್ ಎತ್ತಿದ ಕೂಡಲೇ ಅದು ಪಕಪಕ ಅಂತ ಮಿಂಚತೊಡಗಿತು. ಡಬ್ಬಿಯಲ್ಲಿ ಆಯಸ್ಕಾಂತ ಇರುತ್ತದೆ, ಅದರಿಂದ ದೂರ ಬಂದರೆ ತಾನೇ ಆನ್ ಆಗುತ್ತದೆ ಅಂದರು. ಅಮ್ಮ ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು. "ಮಿಣುಕುಹುಳ ಇದ್ದ ಹಾಗಿದೆ, ಇದನ್ನ ನುಂಗಬೇಕಾ?" ಅಂದರು. ಒಂದು ಲೋಟ ನೀರಲ್ಲಿ ಒಂದೇ ಗುಟುಕಿಗೆ ಇಳಿಯಿತು. ದೊಡ್ಡ ವಿಟಮಿನ್ ಮಾತ್ರೆಯಷ್ಟೇ ಇರುತ್ತದೆ, 26 ಮಿಲಿಮೀಟರ್ ಉದ್ದ, 11 ಅಗಲ.

ಎರಡು ಗಂಟೆ ಬಿಟ್ಟು ನೀರು, ನಾಲ್ಕು ಗಂಟೆ ಬಿಟ್ಟು ಎರಡು ಇಡ್ಲಿ. ಆಸ್ಪತ್ರೆ ವರಾಂಡದಲ್ಲಿ ಓಡಾಡುತ್ತಾ "ಈಗ ಎಲ್ಲಿಗೆ ಬಂತು ಅದು?" ಅಂತ ಹತ್ತು ನಿಮಿಷಕ್ಕೊಮ್ಮೆ ಕೇಳುತ್ತಿದ್ದರು. ಸಂಜೆ ಬೆಲ್ಟ್ ಬಿಚ್ಚಿ ಕೊಟ್ಟು ಬಂದೆವು. ಎರಡನೇ ದಿನ ಹೊರಗೆ ಹೋಯಿತು. ಹೋಯಿತಾ ಅಂತ ನೋಡಿ ಹೇಳಬೇಕಿತ್ತು. ಆ ವಿಷಯ ಇಲ್ಲಿ ಬೇಡ.

ನಮಗೆ ಎಲ್ಲ ಸೇರಿ 38,000 ಆಯಿತು. ಬೇರೆ ಕಡೆ ಬೇರೆ ಇರಬಹುದು.

ತೆಂಗಿನಮರ
@ಹಾಸನದ_ಮಗ ಥ್ಯಾಂಕ್ಸ್ ಸಾರ್. ಅಂದರೆ ನೋವಿಲ್ಲ, ವಾಕರಿಕೆ ಇಲ್ಲ. ಹಾಗಿದ್ದರೆ ನಾನೂ ಅದನ್ನೇ ಮಾಡಿಸುತ್ತೇನೆ. ಅಮ್ಮನಿಗೆ ಕೊನೆಗೆ ಏನಾಗಿತ್ತು?

ಹಾಸನದ_ಮಗ
ಸಣ್ಣ ಕರುಳಿನ ಮೇಲ್ಭಾಗದಲ್ಲಿ ಮೂರು ಕಡೆ ರಕ್ತನಾಳ ಉಬ್ಬಿ ಜಿನುಗುತ್ತಿತ್ತು. ಫೋಟೋದಲ್ಲಿ ಕೆಂಪು ಜೇಡರ ಬಲೆ ತರ ಕಾಣುತ್ತಿತ್ತು. ಆದರೆ ಕ್ಯಾಪ್ಸೂಲ್ ತೋರಿಸಿತೇ ಹೊರತು ನಿಲ್ಲಿಸಲಿಲ್ಲ. ಅದಕ್ಕೆ ಬೇರೆ ಉದ್ದದ ಪೈಪ್ ಹಾಕಿದರು, ಬಲೂನ್ ಇರುವಂಥದ್ದು. ಬಲೂನ್ ಉಬ್ಬಿಸಿ ಕರುಳನ್ನು ಹಿಡಿದು, ಲಂಗದ ಲಾಡಿ ಪೋಣಿಸುವಾಗ ಬಟ್ಟೆ ಸುಕ್ಕು ಮಾಡುತ್ತಾರಲ್ಲ, ಹಾಗೆ ಸುಕ್ಕು ಮಾಡುತ್ತಾ ಒಳಗೆ ಹೋಗುತ್ತಾರೆ. ಆ ಜಾಗ ಮೂರೂ ಸುಟ್ಟರು. ಅರಿವಳಿಕೆ ಕೊಟ್ಟಿದ್ದರು, ಅಮ್ಮನಿಗೆ ಗೊತ್ತೇ ಆಗಲಿಲ್ಲ.

ಸಂಜೆಪಾಳಿ
ನಾನು ಎಂಡೋಸ್ಕೋಪಿ ರೂಮಿನಲ್ಲಿ ಹನ್ನೊಂದು ವರ್ಷದಿಂದ ನರ್ಸ್. ಡಾಕ್ಟರ್ ಅಲ್ಲ, ಇದನ್ನು ಸಲಹೆ ಅಂತ ತಗೋಬೇಡಿ. ಆದರೆ @ತೆಂಗಿನಮರ ಅವರು ಬರೆದದ್ದು ಓದಿ ಸುಮ್ಮನಿರೋಕೆ ಆಗಲಿಲ್ಲ.

ಹಾಸನದವರ ಅಮ್ಮನಿಗೆ ಕ್ಯಾಪ್ಸೂಲ್ ಯಾಕೆ ಕೊಟ್ಟರು ಅನ್ನೋದನ್ನು ಇನ್ನೊಮ್ಮೆ ಓದಿ. ಎರಡೂ ಪೈಪ್ ಆದ ಮೇಲೆ, ಪೈಪ್ ಮುಟ್ಟದ ಜಾಗಕ್ಕೆ. ನಿಮ್ಮ ತೊಂದರೆ ಇರುವುದು ಜಠರದಲ್ಲೋ ಅದರ ಬಾಗಿಲಲ್ಲೋ. ಅಲ್ಲಿಗೆ ಪೈಪ್ ಅರ್ಧ ನಿಮಿಷದಲ್ಲಿ ತಲುಪುತ್ತದೆ.

ಸಣ್ಣ ಕರುಳು ಕೊಳವೆ. ಮಾತ್ರೆ ಅದರಲ್ಲಿ ಸಿಕ್ಕಿದ ಹಾಗೆ ಗೋಡೆಗೆ ಒರಗಿಕೊಂಡು ಮುಂದೆ ಹೋಗುತ್ತದೆ, ಚಿತ್ರ ಚೆನ್ನಾಗಿ ಬರುತ್ತದೆ. ಜಠರ ಚೀಲ. ಖಾಲಿ ಇದ್ದಾಗ ಮಡಚಿಕೊಂಡಿರುತ್ತದೆ. ನಾವು ಪೈಪಿನಿಂದ ಗಾಳಿ ಬಿಟ್ಟು ಉಬ್ಬಿಸಿ, ನೊರೆ ಇದ್ದರೆ ನೀರು ಹಾಕಿ ತೊಳೆದು, ತಿರುಗಿಸಿ ಹಿಂದಕ್ಕೂ ನೋಡುತ್ತೇವೆ. ಮಾತ್ರೆ ಅದರೊಳಗೆ ಉರುಳುತ್ತಾ ಎಲ್ಲಿ ಮುಖ ಮಾಡಿತೋ ಅಲ್ಲಿನ ಫೋಟೋ. ಹುಣ್ಣಿಗೆ ಬೆನ್ನು ಹಾಕಿಕೊಂಡೇ ದಾಟಿ ಹೋಗಬಹುದು. ಅನ್ನನಾಳವನ್ನಂತೂ ಕೆಲವೇ ಸೆಕೆಂಡಲ್ಲಿ ಇಳಿದುಬಿಡುತ್ತದೆ.

ಇನ್ನೊಂದು, ಅದು ಚೂರು ಮಾಂಸ ತೆಗೆದು ಕೊಡಲ್ಲ. ಬಯಾಪ್ಸಿ ಬೇಕೇ ಬೇಕು ಅನ್ನಿಸಿದರೆ ಮತ್ತೆ ನಮ್ಮ ಹತ್ತಿರವೇ ಬರಬೇಕು. ಆಗ ಎರಡು ಖರ್ಚು.

ಒಂದು ಪ್ರಶ್ನೆ. ಮಲ ಯಾವಾಗಲಾದರೂ ಕಪ್ಪಗೆ, ಡಾಂಬರಿನ ತರ ಹೋಗಿತ್ತಾ? ತೂಕ ಇಳಿದಿದೆಯಾ?

ಬೆಸುಗೆ
ನಾನು ಎಲೆಕ್ಟ್ರಾನಿಕ್ಸ್ ಕಡೆಯವನು, ವೈದ್ಯಕೀಯ ಗೊತ್ತಿಲ್ಲ. ಆದರೆ ಈ ಮಾತ್ರೆಯ ಕಥೆ ಮಜಾ ಇದೆ, ಹೇಳದೆ ಇರಲಾರೆ.

ಇದನ್ನು ಕಂಡುಹಿಡಿದವರು ಗವ್ರಿಯೆಲ್ ಇದ್ದಾನ್. ಇಸ್ರೇಲಿನ ರಫಾಯೆಲ್ ಅನ್ನುವ ರಕ್ಷಣಾ ಸಂಸ್ಥೆಯ ಎಂಜಿನಿಯರ್. ಕ್ಷಿಪಣಿ ಗುರಿ ನೋಡಲು ಬೇಕಾದ ಕಣ್ಣು ಮಾಡುವುದು ಅವರ ಕೆಲಸ. 1981ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಸ್ವಲ್ಪ ಕಾಲ ಇದ್ದಾಗ ಪಕ್ಕದ ಮನೆಯಲ್ಲಿ ಹೊಟ್ಟೆ ಡಾಕ್ಟರ್ ಒಬ್ಬರು ಸಿಕ್ಕರು, ಐಟನ್ ಸ್ಕಾಪಾ ಅಂತ, ಅವರೂ ಇಸ್ರೇಲಿನವರೇ. ಸಣ್ಣ ಕರುಳು ನೋಡೋಕೆ ದಾರಿಯೇ ಇಲ್ಲ ಅಂತ ಅವರು ಗೋಳು ಹೇಳಿಕೊಂಡರು. ಇವರ ತಲೆಗೆ ಹುಳ ಬಿಟ್ಟ ಹಾಗಾಯಿತು.

ಆದರೆ ಆಗಿನ ಕ್ಯಾಮೆರಾ ಚಿಪ್ಪುಗಳು ಕರೆಂಟ್ ಕುಡಿಯುತ್ತಿದ್ದವು. ಮಾತ್ರೆಯೊಳಗಿನ ಬ್ಯಾಟರಿ ಕೆಲವು ನಿಮಿಷದಲ್ಲೇ ಖಲಾಸ್. ತೊಂಬತ್ತರ ದಶಕದಲ್ಲಿ ಸಿಮಾಸ್ ಚಿಪ್ ಬಂತು, ಈಗ ನಮ್ಮ ಫೋನಿನಲ್ಲಿ ಇರುವ ಜಾತಿಯದ್ದೇ. ಅದು ಬಂದ ಮೇಲೆ ಕೆಲಸ ಕೂಡಿಬಂತು. 1998ರಲ್ಲಿ ಗಿವನ್ ಇಮೇಜಿಂಗ್ ಅನ್ನುವ ಕಂಪನಿ ಶುರುವಾಯಿತು. ಲಂಡನ್ನಿನಲ್ಲಿ ಪಾಲ್ ಸ್ವೇನ್ ಅನ್ನುವ ಡಾಕ್ಟರ್ ಬೇರೆಯಾಗಿ ಇದೇ ಯೋಚನೆಯಲ್ಲಿದ್ದರು, ಇಬ್ಬರೂ ಸೇರಿಕೊಂಡರು. 1999ರ ಅಕ್ಟೋಬರಿನಲ್ಲಿ ಸ್ವೇನ್ ಅವರೇ ಮೊದಲ ಮಾತ್ರೆ ನುಂಗಿದರು. 2000ದಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು, 2001ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು.

ಮೊದಲು ಅದಕ್ಕೆ ಇಟ್ಟ ಹೆಸರು ಎಂ2ಎ. ಬಾಯಿಂದ ಆ ತುದಿಯವರೆಗೆ ಅಂತ ಅರ್ಥ. ಆಮೇಲೆ ಮರ್ಯಾದೆಯಾಗಿ ಪಿಲ್‌ಕ್ಯಾಮ್ ಅಂತ ಬದಲಾಯಿಸಿದರು.

ಸೆಕೆಂಡಿಗೆ ಎರಡು ಚಿತ್ರ, ಎಂಟು ಗಂಟೆ. 57,600 ಚಿತ್ರ. ಯಾರಪ್ಪಾ ಕೂತು ನೋಡುತ್ತಾರೆ ಅಷ್ಟನ್ನೂ?

ಸಂಜೆಪಾಳಿ
@ಬೆಸುಗೆ ನಮ್ಮ ಡಾಕ್ಟರು ನೋಡುತ್ತಾರೆ. ಒಂದೇ ತರದ ಚಿತ್ರಗಳನ್ನು ಸಾಫ್ಟ್‌ವೇರ್ ಸೋಸಿ ಕೊಡುತ್ತದೆ, ಕೆಂಪಗೆ ಇರುವುದಕ್ಕೆ ಗುರುತು ಹಾಕುತ್ತದೆ. ಆದರೂ ಮುಕ್ಕಾಲು ಗಂಟೆ, ಒಂದು ಗಂಟೆ ಕಣ್ಣು ಮಿಟುಕಿಸದೆ ಕೂರಬೇಕು. ಹುಣ್ಣೊಂದು ಎರಡೇ ಚಿತ್ರದಲ್ಲಿ ಬಂದು ಹೋಗಿರಬಹುದು. ಆ ಹೊತ್ತಲ್ಲಿ ಯಾರಾದರೂ ಬಾಗಿಲು ತಟ್ಟಿದರೆ ಡಾಕ್ಟರ ಮುಖ ನೋಡಬೇಕು ನೀವು.

ಕಡಲೆಕಾಯಿ
ಕ್ಷಿಪಣಿಯ ಕಣ್ಣು ಹೊಟ್ಟೆಯೊಳಗೆ. ಹಾಗಾದರೆ ಪೈಪನ್ನು ಯಾರು ಕಂಡುಹಿಡಿದರು, ತೋಟದ ಮಾಲಿಯಾ?

ಬೆಸುಗೆ
@ಕಡಲೆಕಾಯಿ ಅದು ಇನ್ನೂ ಚೆನ್ನಾಗಿದೆ. 1868ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಅಡಾಲ್ಫ್ ಕುಸ್ಮಾಲ್ ಅನ್ನುವ ಡಾಕ್ಟರು ಜಠರದೊಳಗೆ ನೇರ ಕೊಳವೆ ಇಳಿಸಿ ನೋಡಬೇಕು ಅಂದುಕೊಂಡರು. ಯಾರಿಗೆ ಇಳಿಸುವುದು? ಕತ್ತಿ ನುಂಗುವ ದೊಂಬರವನೊಬ್ಬ ಸಿಕ್ಕಿದ. ಕೊಳವೆ ಸಲೀಸಾಗಿ ಇಳಿಯಿತು. ಬೆಳಕು ಸಾಲದೆ ಒಳಗೆ ಸರಿಯಾಗಿ ಕಾಣಲಿಲ್ಲ, ಅಷ್ಟೇ.

ಬಗ್ಗುವ ಪೈಪ್ ಬಂದದ್ದು 1957ರಲ್ಲಿ, ಗಾಜಿನ ನೂಲಿನಿಂದ. ಅಮೆರಿಕದಲ್ಲಿ ಬೇಸಿಲ್ ಹಿರ್ಷೋವಿಟ್ಜ್ ಮೊದಲು ತಮ್ಮ ಗಂಟಲಿಗೇ ಇಳಿಸಿಕೊಂಡು ನೋಡಿದರು. ಗಾಜಿನ ನೂಲಿನಲ್ಲಿ ಚಿತ್ರ ಸಾಗಿಸಬಹುದು ಅಂತ ಅದಕ್ಕೂ ಮುಂಚೆ 1954ರಲ್ಲಿ ತೋರಿಸಿದವರಲ್ಲಿ ನಮ್ಮ ಪಂಜಾಬಿನ ನರಿಂದರ್ ಸಿಂಗ್ ಕಪಾನಿ ಒಬ್ಬರು. ಈ ವಿದ್ಯೆಯಲ್ಲಿ ತಾವೇ ನುಂಗುವ ಸಂಪ್ರದಾಯ ಇದೆ ಅನ್ನಿ.

ತೆಂಗಿನಮರ
@ಸಂಜೆಪಾಳಿ ಮೇಡಂ, ಕಪ್ಪಗೆ ಹೋಗಿತ್ತು. ಹದಿನೈದು ದಿನದ ಹಿಂದೆ, ಎರಡು ದಿನ. ಉರಿಗೆ ಏನೋ ಚೂರ್ಣ ತಿಂದಿದ್ದೆ, ಅದರಿಂದ ಅಂದುಕೊಂಡೆ. ತೂಕ ಮೂರು ಕೆಜಿ ಕಡಿಮೆ ಆಗಿದೆ. ಮನೆಯಲ್ಲಿ ಹೇಳಿಲ್ಲ.

ಸಂಜೆಪಾಳಿ
ಮನೆಯಲ್ಲಿ ಹೇಳಿ. ಇವತ್ತೇ. ನಾಳೆ ಬೆಳಿಗ್ಗೆ ಡಾಕ್ಟರಿಗೂ ಹೇಳಿ. ಅದು ಚೂರ್ಣ ಇರಬಹುದು, ರಕ್ತವೂ ಇರಬಹುದು. ಮತ್ತೆ ಕಪ್ಪಗೆ ಹೋದರೆ, ತಲೆ ಸುತ್ತಿದರೆ, ರಕ್ತ ವಾಂತಿ ಆದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ. ರಕ್ತ ಬರುತ್ತಿದ್ದರೆ ಪೈಪಿನಲ್ಲೇ ಕ್ಲಿಪ್ ಹಾಕಿ ನಿಲ್ಲಿಸಬಹುದು. ಮಾತ್ರೆ ಅದರ ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತದೆ.

ಪೈಪಿನ ಭಯದ ಬಗ್ಗೆ. ನಿಮ್ಮ ಕಿರುಬೆರಳಿಗಿಂತ ದಪ್ಪ ಇರಲ್ಲ, ಒಂದು ಸೆಂಟಿಮೀಟರ್ ಹತ್ತಿರ. ಗಂಟಲಿಗೆ ಸ್ಪ್ರೇ ಹೊಡೆಯುತ್ತೇವೆ, ಕಹಿ ಇರುತ್ತದೆ, ಎರಡು ನಿಮಿಷದಲ್ಲಿ ಗಂಟಲು ಮರದ ತುಂಡಿನ ತರ ಆಗುತ್ತದೆ. ಅದೂ ಬೇಡ ಅಂದರೆ ನಿದ್ದೆ ಇಂಜೆಕ್ಷನ್ ಕೇಳಿ. ಕೇಳೋಕೆ ನಾಚಿಕೆ ಬೇಡ. ನಮ್ಮಲ್ಲಿ ಗಂಡಸರೇ ಕೇಳಲ್ಲ, ಆಮೇಲೆ ಪೈಪ್ ಹಿಡಿದು ಎಳೆಯೋಕೆ ನೋಡುತ್ತಾರೆ. ಇಂಜೆಕ್ಷನ್ ತಗೊಂಡರೆ ಅವತ್ತು ಗಾಡಿ ಓಡಿಸಬೇಡಿ, ಜೊತೆಗೆ ಒಬ್ಬರು ಇರಲಿ.

ಲೀಡ್ಸ್_ಕನ್ನಡಿಗ
ಇಲ್ಲಿ ಇಂಗ್ಲೆಂಡಿನಿಂದ ಒಂದು ಮಾತು. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ 2021ರಲ್ಲಿ ದೊಡ್ಡ ಕರುಳಿಗೂ ಈ ಮಾತ್ರೆ ಕೊಟ್ಟು ನೋಡಲು ಶುರು ಮಾಡಿತು, ಹನ್ನೊಂದು ಸಾವಿರ ಜನಕ್ಕೆ ಅಂತ ಹೇಳಿಕೊಂಡು. ಕೋವಿಡ್‌ನಿಂದ ಕೊಲೊನೋಸ್ಕೋಪಿ ಸಾಲು ಬೆಟ್ಟದಷ್ಟಾಗಿತ್ತು. ಮಾತ್ರೆಗೆ ರೂಮ್ ಬೇಡ, ಮಂಚ ಬೇಡ, ಮನೆಗೆ ಹೋಗಿ ಟಿವಿ ನೋಡುತ್ತಾ ಕೂರಬಹುದು. ಈ ಮಾತ್ರೆಗೆ ಎರಡೂ ತುದಿಯಲ್ಲಿ ಕ್ಯಾಮೆರಾ.

ನನಗೂ ಮಾಡಿದರು. ಹೊಟ್ಟೆ ತೊಳೆಯುವ ಔಷಧಿ ಕೊಲೊನೋಸ್ಕೋಪಿಗಿಂತ ಜಾಸ್ತಿ. ನುಂಗಿದ ಮೇಲೂ ಕುಡಿಸುತ್ತಾರೆ, ಮಾತ್ರೆಯನ್ನು ಮುಂದೆ ತಳ್ಳಬೇಕಲ್ಲ. ಪೈಪ್ ಆದರೆ ಒಳಗೆ ಉಳಿದ ಕೊಳೆಯನ್ನು ಹೀರಿಕೊಳ್ಳುತ್ತದೆ, ಇದು ಹೀರಲ್ಲ. ಇಷ್ಟೆಲ್ಲ ಆಗಿ ಎರಡು ಪಾಲಿಪ್ ಕಂಡವು, ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟು. ಪಾಲಿಪ್ ಕೀಳಲು ಯಾರನ್ನು ಕರೆಯಬೇಕು? ಪೈಪನ್ನೇ. ಮತ್ತೆ ಹೊಟ್ಟೆ ತೊಳೆದುಕೊಂಡು ಹೋದೆ.

ಏನೂ ಕಾಣದೆ ಇದ್ದವರಿಗೆ ಲಾಭ, ಒಪ್ಪುತ್ತೇನೆ. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಪೈಪಿಲ್ಲದೆ ಪಾರಾದರು.

ಗೊರೂರಿನವ
ಎಲ್ಲರೂ ಸಲೀಸು ಅಂತೀರಿ. ನನ್ನ ತಮ್ಮನದ್ದೂ ಕೇಳಿ. ಒಂದೂವರೆ ವರ್ಷದಿಂದ ಊಟ ಆದಮೇಲೆ ಹೊಟ್ಟೆ ಹಿಂಡುತ್ತಿತ್ತು, ಸಣ್ಣಗಾಗುತ್ತಿದ್ದ. ಒಂದು ಆಸ್ಪತ್ರೆಯಲ್ಲಿ ಕ್ಯಾಪ್ಸೂಲ್ ಕೊಟ್ಟರು. ಕರುಳಲ್ಲಿ ಎಲ್ಲಾದರೂ ಕಿರಿದಾಗಿದೆಯಾ ಅಂತ ಮೊದಲು ನೋಡಲಿಲ್ಲ. ಹೊರಗೆ ಹೋಯಿತಾ ಅಂತ ನಾವೂ ಗಮನಿಸಲಿಲ್ಲ. ಅದನ್ನು ನೋಡಬೇಕು ಅಂತ ನಮಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಮೂರು ವಾರ ಬಿಟ್ಟು ಅವನಿಗೆ ಬೆನ್ನುನೋವು ಅಂತ ಬೇರೆ ಕಡೆ ಎಂಆರ್‌ಐ ಬರೆದರು. ಗೌನ್ ಹಾಕಿಕೊಂಡು ಬಾಗಿಲವರೆಗೆ ಹೋಗಿದ್ದ. ಅಲ್ಲಿನ ಹುಡುಗ ಫಾರಂ ತುಂಬಿಸುತ್ತಾ "ಈಚೆಗೆ ಕ್ಯಾಮೆರಾ ಮಾತ್ರೆ ನುಂಗಿದ್ದೀರಾ" ಅಂತ ಕೇಳಿದ. ಇವನು ಹೌದು ಅಂದ. ಹುಡುಗ ಪೆನ್ನು ಕೆಳಗಿಟ್ಟು ಎಕ್ಸ್‌ರೇಗೆ ಕಳಿಸಿದ. ಬಲಗಡೆ ಕೆಳಹೊಟ್ಟೆಯಲ್ಲಿ ಬೆಳ್ಳಗೆ, ಬ್ಯಾಟರಿ ಸಮೇತ ಕೂತಿತ್ತು. ಎಂಆರ್‌ಐ ಅಂದರೆ ದೊಡ್ಡ ಆಯಸ್ಕಾಂತ. ಆ ಹುಡುಗ ಕೇಳದಿದ್ದರೆ ಏನಾಗುತ್ತಿತ್ತೋ.

ಕೊನೆಗೆ ಆಪರೇಷನ್ ಮಾಡಿ ತೆಗೆದರು. ಕರುಳು ಅಲ್ಲಿ ಪೆನ್ಸಿಲ್ಲಿನಷ್ಟು ಕಿರಿದಾಗಿತ್ತು. ಕರುಳಿನ ಟಿಬಿ. ಆರು ತಿಂಗಳು ಮಾತ್ರೆ ತಿಂದ, ಈಗ ಚೆನ್ನಾಗಿದ್ದಾನೆ.

ಸಂಜೆಪಾಳಿ
@ಗೊರೂರಿನವ ಇದು ಎಲ್ಲರೂ ಓದಬೇಕಾದ್ದು. ಸಿಕ್ಕಿಕೊಳ್ಳುವುದು ಕಡಿಮೆ, ನೂರರಲ್ಲಿ ಒಂದೆರಡು. ಆದರೆ ಕರುಳು ಊದಿಕೊಳ್ಳುವ ಕ್ರೋನ್ಸ್ ಕಾಯಿಲೆ ಇರುವವರಲ್ಲಿ, ಹೊಟ್ಟೆಗೆ ರೇಡಿಯೇಷನ್ ಆದವರಲ್ಲಿ, ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿದವರಲ್ಲಿ ಜಾಸ್ತಿ. ನಮ್ಮ ದೇಶದಲ್ಲಿ ಕರುಳಿನ ಟಿಬಿಯನ್ನೂ ಸೇರಿಸಿಕೊಳ್ಳಬೇಕು. ಊಟ ಆದಮೇಲೆ ಹೊಟ್ಟೆ ಹಿಂಡಿ, ಉಬ್ಬಿ, ಗುಡುಗುಟ್ಟಿ ಆಮೇಲೆ ಬಿಡುತ್ತದೆ ಅಂದರೆ ನಾವು ಮೊದಲು ಸ್ಕ್ಯಾನ್ ಮಾಡಿಸುತ್ತೇವೆ.

ಇನ್ನೊಂದು ದಾರಿಯೂ ಇದೆ. ಅಷ್ಟೇ ಗಾತ್ರದ ಡಮ್ಮಿ ಮಾತ್ರೆ. ಒಳಗೆ ಕ್ಯಾಮೆರಾ ಇರಲ್ಲ, ಲ್ಯಾಕ್ಟೋಸ್ ಅಂದರೆ ಹಾಲಿನ ಸಕ್ಕರೆ, ಮತ್ತೆ ಎಕ್ಸ್‌ರೇಯಲ್ಲಿ ಕಾಣುವ ಬೇರಿಯಂ ಇರುತ್ತದೆ. ಸಲೀಸಾಗಿ ಹೊರಗೆ ಬಂದರೆ ಅಸಲಿಯೂ ಬರುತ್ತದೆ. ಸಿಕ್ಕಿಕೊಂಡರೆ ಒಂದು ದಿನ ದಾಟಿದ ಮೇಲೆ ತಾನೇ ಕರಗುತ್ತದೆ.

ಬೆಸುಗೆ
@ಸಂಜೆಪಾಳಿ ಚೀನಾದಲ್ಲಿ ಜಠರದ ಮಾತ್ರೆಯನ್ನು ಹೊರಗಿನಿಂದ ಆಯಸ್ಕಾಂತದಲ್ಲಿ ಓಡಿಸುತ್ತಾರಲ್ಲ? ರೋಗಿ ಮಲಗಿರುತ್ತಾನೆ, ಮೇಲೊಂದು ಯಂತ್ರದ ತೋಳು, ಡಾಕ್ಟರ್ ಕೈಯಲ್ಲಿ ಜಾಯ್‌ಸ್ಟಿಕ್. ಅದಾದರೆ ಉರುಳಾಟದ ಸಮಸ್ಯೆ ಹೋಯಿತಲ್ವಾ?

ಸಂಜೆಪಾಳಿ
ಹೌದು, ನೋಡುವ ಮಟ್ಟಿಗೆ ಅದು ಚೆನ್ನಾಗಿದೆ ಅಂತ ನಮ್ಮ ಡಾಕ್ಟರೂ ಹೇಳುತ್ತಾರೆ. ನೀರು ಕುಡಿಸಿ ಜಠರ ಹಿಗ್ಗಿಸಿ ಓಡಿಸುತ್ತಾರೆ. ಆದರೂ ಚೂರು ಕೀಳಲು ಆಗಲ್ಲ. ಆ ಯಂತ್ರ ಇಡೋಕೆ ಒಂದು ರೂಮ್ ಬೇರೆ ಬೇಕು. ನಾನು ಕಣ್ಣಾರೆ ನೋಡಿಲ್ಲ.

ತೆಂಗಿನಮರ
ಹನ್ನೆರಡು ದಿನ ಆಯಿತು, ಬರೆಯೋಕೆ ಆಗಲಿಲ್ಲ. ಮನೆಯಲ್ಲಿ ಹೇಳಿದೆ. ಬೈಗುಳ ತಿಂದೆ. ಮಾರನೇ ದಿನವೇ ಹೆಂಡತಿ ಕರೆದುಕೊಂಡು ಹೋದಳು. ಹಿಮೋಗ್ಲೋಬಿನ್ 9 ಇತ್ತು.

ನಿದ್ದೆ ಇಂಜೆಕ್ಷನ್ ಕೇಳಿದೆ, ಕೊಟ್ಟರು. ಎಡಮಗ್ಗುಲಿಗೆ ಮಲಗಿಸಿ ಹಲ್ಲಿನ ನಡುವೆ ಪ್ಲಾಸ್ಟಿಕ್ ಉಂಗುರ ಇಟ್ಟದ್ದು ನೆನಪಿದೆ. ಆಮೇಲೆ ಸಿಸ್ಟರ್ "ಏಳಿ, ಮುಗೀತು" ಅಂದದ್ದು. ಗಂಟಲು ಒಂದು ದಿನ ಕೆರೆಯುತ್ತಿತ್ತು, ಅಷ್ಟೇ. ಇದಕ್ಕಾ ನಾನು ತೋಟಕ್ಕೆ ನೀರು ಬಿಟ್ಟದ್ದು!

ಜಠರ ದಾಟಿದ ಕೂಡಲೇ ಹುಣ್ಣು ಇತ್ತಂತೆ. ರಕ್ತ ನಿಂತಿತ್ತು. ಜಠರದಿಂದ ಎರಡು ಚೂರು ತೆಗೆದರು. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು. ಒಂದನ್ನು ಹಳದಿ ಬಣ್ಣದ ಜೆಲ್ ಇರುವ ಪುಟ್ಟ ಗುಳಿಯಲ್ಲಿ ಇಟ್ಟರು. ನಾನು ಹೊರಗೆ ಕಾಫಿ ಕುಡಿದು ಬರುವಷ್ಟರಲ್ಲಿ ಅದು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಹುಣ್ಣು ಮಾಡುವ ಎಚ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಇದೆ ಅಂತ ಅರ್ಥವಂತೆ. ಹದಿನಾಲ್ಕು ದಿನ ಆಂಟಿಬಯಾಟಿಕ್. ಬಾಯೆಲ್ಲ ತುಕ್ಕು ನೆಕ್ಕಿದ ಹಾಗಿದೆ, ಆದರೆ ನಿನ್ನೆ ರಾತ್ರಿ ಪೂರ್ತಿ ನಿದ್ದೆ ಬಂತು.

ಭಾವಮೈದನಿಗೆ ಆ ಪುಟ್ಟ ಗುಳಿಯ ಫೋಟೋ ಕಳಿಸಿದ್ದೇನೆ.

ಕಡಲೆಕಾಯಿ
ಒಳ್ಳೇದಾಯ್ತು ಸಾರ್. ಚೂರ್ಣದ ಡಬ್ಬಿ ಏನು ಮಾಡಿದ್ರಿ?

ತೆಂಗಿನಮರ
ತೆಂಗಿನ ಬುಡಕ್ಕೆ ಹಾಕಿದೆ. ಮರ ಇನ್ನೂ ಇದೆ.

ಮಳೆಬಿಲ್ಲು
ಹಳೇ ಚರ್ಚೆ ಎಬ್ಬಿಸುತ್ತಿದ್ದೇನೆ, ಕ್ಷಮಿಸಿ. ನಾಳಿದ್ದು ನಮ್ಮ ಮಾವನಿಗೆ ಕ್ಯಾಪ್ಸೂಲ್ ಇದೆ, ಎರಡೂ ಪೈಪ್ ಆಗಿ ಏನೂ ಸಿಗಲಿಲ್ಲ ಅಂತ. ಅವರಿಗೆ ಪೇಸ್‌ಮೇಕರ್ ಇದೆ. ಕಬ್ಬಿಣದ ಮಾತ್ರೆ ನಿನ್ನೆಯವರೆಗೂ ತಿಂದಿದ್ದಾರೆ. ತೊಂದರೆಯಾ?

ಸಂಜೆಪಾಳಿ
ಎರಡನ್ನೂ ಇವತ್ತೇ ಫೋನ್ ಮಾಡಿ ಹೇಳಿ. ಪೇಸ್‌ಮೇಕರ್ ಇದ್ದವರಿಗೂ ಮಾಡುತ್ತಾರೆ, ಆದರೆ ಮೊದಲೇ ಗೊತ್ತಿರಬೇಕು. ಕಬ್ಬಿಣದ ಮಾತ್ರೆಗೆ ದಿನ ಮುಂದೆ ಹಾಕಬಹುದು. ಅಷ್ಟು ದುಡ್ಡು ಕೊಟ್ಟು ಕಪ್ಪು ಫೋಟೋ ತಗೋಬೇಡಿ.

ಮಳೆಬಿಲ್ಲು
ಮಾತಾಡಿದೆ. ಮುಂದಿನ ಗುರುವಾರಕ್ಕೆ ಹಾಕಿದರು. ಮನೆಗೆ ಕಳಿಸದೆ ಅಲ್ಲೇ ಮಾನಿಟರ್ ಹಾಕಿ ಇಟ್ಟುಕೊಳ್ಳುತ್ತಾರಂತೆ. ಮಾವ ಕೇಳುತ್ತಿರುವುದು ಒಂದೇ: ಅಷ್ಟು ಹೊತ್ತು ಆಸ್ಪತ್ರೆಯಲ್ಲಿ ಪೇಪರ್ ಸಿಗುತ್ತದಾ ಅಂತ.